ಹುಲಿಯ ಅರ್ಧ ಮೀಸೆ

ಎಡಗೆನ್ನೆಯ ಕ್ಷೌರ ಮುಗಿದಿತ್ತು. ಬಲಗೆನ್ನೆಯ ಮೇಲಿನ ನೊರೆ ಒಣಗಿ ಚುರುಚುರು ಎನ್ನುತ್ತಿದ್ದರೂ ಬಿಂದುಮಾಧವನ ಕೈ ಮೇಲೇಳಲಿಲ್ಲ. ಕನ್ನಡಿಯೊಳಗಿದ್ದವನು ಸದಾಶಿವ ಪೇಠೆಯ ಮರಾಠಿ ಶಾಲೆಯ ಲೆಕ್ಕದ ಮಾಸ್ತರನಂತೆ ಕಾಣಲಿಲ್ಲ. ಅರ್ಧ ಗೃಹಸ್ಥ, ಅರ್ಧ ಬೈರಾಗಿಯಂತೆ ಕಂಡ. ಇಂದು ಶನಿವಾರ. ಇಂದು ಕೊನೆಯ ತಾಸಿಗೆ ಕಮಿಟಿಯವರು ಬಂದು ಕೂತು ಅವನ ಕಥೆ ಕೇಳುವವರಿದ್ದರು. "ಕತ್ತಿ ಹುಲಿಯ ಗಂಟಲ ಮೇಲಿತ್ತು," ಎಂದು ಕನ್ನಡಿಗೆ ಹೇಳಿ ನೋಡಿದ. ಕನ್ನಡಿ ಬಾಯಿ ಬಿಡಲಿಲ್ಲ. ಅಷ್ಟರಲ್ಲಿ ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಒಂದು ಕ್ಷಣ ನಿಂತು, "ಹೂಂ," ಎಂಬ ದನಿ ಗೋಡೆ ದಾಟಿ ಬಂತು, ಮತ್ತೆ ಬಡಿತ ಶುರುವಾಯಿತು. ಬಿಂದುಮಾಧವನ ಬೆನ್ನು ತಾನಾಗಿ ನೆಟ್ಟಗಾಯಿತು. "ಆಗ ಹುಲಿಗೆ ಸೀನು ಬಂತು!" ಎಂದ. "ಹೂಂ...?" ಎಂದಿತು ಗೋಡೆ, ಅಂದರೆ ಗೋಡೆಯಾಚೆಯ ಅವನ ಹೆಂಡತಿ ಅಂಬಾ. ಆ ಹೂಂನ ಬಾಲ ಬೆಕ್ಕಿನ ಬಾಲದಂತೆ ಮೇಲೆದ್ದಿತ್ತು. ಅದನ್ನು ಕೇಳಿದ ಸಂಭ್ರಮದಲ್ಲಿ ಕೈ ಜಾರಿ, ಕತ್ತಿ ಹುಲಿಯ ಗಂಟಲು ತಪ್ಪಿ ಮಾಸ್ತರನ ಗದ್ದ ಕೊಯ್ಯಿತು.

"ಕೊಯ್ಕೊಂಡ್ರೇನು?"

"ಇಲ್ಲ."

"ದೇವರ ಗೂಡಿನ್ಯಾಗ ಹತ್ತಿ ಅದ, ಒಂದ ಎಳಿ ಹಚ್ಕೋರಿ. ಪೂರಾ ಬತ್ತಿ ಇಟ್ಕೊಂಡು ಹೋಗಬ್ಯಾಡ್ರಿ ಮತ್ತ, ಸಾಲ್ಯಾಗ ಯಾರರೆ ದೀಪಾ ಹಚ್ಚ್ಯಾರು!"

ಅವನಿಗೆ ನಗು ಬರಲಿಲ್ಲ. ಕಥೆ ಹೇಳುವುದು ನಗೆಯ ಮಾತಲ್ಲ ಎಂದು ಅವನು ಈಚೆಗೆ ನಂಬಿದ್ದ. ಶನಿವಾರದ ಕೊನೆಯ ತಾಸಿಗೆಂದು ಮಾಡಿದ ನಲವತ್ತು ಕಥೆಗಳ ಯೋಜನೆ ಗೋಡೆಯ ಮೇಲೆ ಅವನ ಕಣ್ಣೆದುರೇ ತೂಗುತ್ತಿತ್ತು. ಶಾಲೆಯ ಪ್ರತಿಯನ್ನು ಹೆಡ್‌ಮಾಸ್ತರರ ಕೋಣೆಗೆ ಕೊಟ್ಟು, ಇನ್ನೊಂದನ್ನು ತನಗಾಗಿ ಬರೆದಿಟ್ಟುಕೊಂಡಿದ್ದ, ದೇವರ ಪಟಕ್ಕಿಂತ ಒಂದು ಗೇಣು ಮೇಲೆ. ಕೆಂಪು ಶಾಯಿಯಲ್ಲಿ ಪ್ರಾಣಿ, ನೀಲಿಯಲ್ಲಿ ನೀತಿ, ಹಸಿರಿನಲ್ಲಿ ಋತುಮಾನ. ಮಳೆಗಾಲಕ್ಕೆ ಕಪ್ಪೆಯ ಕಥೆ, ಬೇಸಿಗೆಗೆ ಒಂಟೆಯ ಕಥೆ, ಪರೀಕ್ಷೆಯ ಹತ್ತಿರ ಆಮೆಯ ಕಥೆ. ನಾಡಿನ ಅಜ್ಜಿಯರ ಬಾಯಿಂದ ಬಾಯಿಗೆ ಅಡ್ಡಾದಿಡ್ಡಿ ಅಲೆದಾಡುತ್ತಿದ್ದ ಕಥೆಗಳನ್ನು ಹಿಡಿದು ತಂದು, ಸ್ನಾನ ಮಾಡಿಸಿ, ಸಾಲಾಗಿ ಕೂರಿಸಿ, ಹಾಜರಿ ತೆಗೆದ ಮೊದಲ ಮನುಷ್ಯ ಇಡೀ ಮುಂಬೈ ಪ್ರಾಂತ್ಯದಲ್ಲಿ ತಾನೇ ಎಂದು ಅವನಿಗೆ ಒಳಗೊಳಗೇ ಖಾತ್ರಿಯಿತ್ತು. ಹೆಡ್‌ಮಾಸ್ತರ್ ಮಧುಕರರಾವ್ ಆ ಹಾಳೆ ನೋಡಿ ಒಂದೇ ತಿದ್ದುಪಡಿ ಮಾಡಿದ್ದರು. 'ಹುಲಿಯ ಕ್ಷೌರ' ಎಂಬಲ್ಲಿ 'ಕ್ಷೌರ' ಹೊಡೆದು 'ಶೌರ್ಯ' ಎಂದು ಬರೆದಿದ್ದರು. "ಮಕ್ಕಳ ಮುಂದೆ ಹಜಾಮತಿ ಬೇಡ ಮಾಸ್ತರ್. ಮತ್ತೆ ಇದರ ಕೊನೆ ಎಲ್ಲಿ? ಕೊನೆ ಬರೆದೇ ಇಲ್ಲವಲ್ಲ?" ಎಂದಿದ್ದರು, ತಮ್ಮ ದಪ್ಪ ಮೀಸೆಯನ್ನು ಎರಡು ಬೆರಳಿನಿಂದ ಒರೆಸುತ್ತ. ಬರೆಯುತ್ತೇನೆ ಎಂದು ಇವನು ತಲೆ ತಗ್ಗಿಸಿದ್ದ. ಅವರೇ ಪೆನ್ನು ತೆಗೆದುಕೊಂಡು ಬರೆದುಬಿಟ್ಟರು: ಕ್ಷೌರಿಕ ವಿನಯದಿಂದ ಕ್ಷಮೆ ಕೇಳಿದ, ಹುಲಿ ಮೆಚ್ಚಿ ಕ್ಷಮಿಸಿತು. ನೀತಿ: ವಿನಯವೇ ಭೂಷಣ.

ಕೊನೆ ಬರೆದಿರಲಿಲ್ಲ ಎಂಬುದಲ್ಲ. ಕೊನೆ ಅವನಿಗೆ ಗೊತ್ತೇ ಇರಲಿಲ್ಲ. ನವಲಗುಂದದ ಕಡೆಯ ಅಜ್ಜಿ ಭೀಮವ್ವ ಮೊಮ್ಮಕ್ಕಳನ್ನೆಲ್ಲ ಒಂದೇ ಕೌದಿಯೊಳಗೆ ತುಂಬಿ ಕಥೆ ಹೇಳುವಾಗ, ಯಾರಾದರೊಬ್ಬರು ಹೂಂ ಅನ್ನಬೇಕು. ಹೂಂ ನಿಂತಿತೋ ಕಥೆ ನಿಂತಿತು. ಹಿರಿಯ ಮೊಮ್ಮಗ, ಅದೂ ಲೆಕ್ಕದಲ್ಲಿ ಜಾಣ. ಹೂಂ ಅನ್ನುವ ಹಕ್ಕು ತನ್ನದೇ ಎಂದು ಬಿಂದುಮಾಧವ ಕೌದಿಯ ನಡುವೆ ಪಟ್ಟಾಭಿಷಿಕ್ತನಾಗಿ ಮಲಗುತ್ತಿದ್ದ. ಮತ್ತು ಎಲ್ಲರಿಗಿಂತ ಮೊದಲು ನಿದ್ದೆ ಹೋಗುತ್ತಿದ್ದ. ಬೆಳಿಗ್ಗೆ ಎದ್ದು ನೋಡಿದರೆ ತಂಗಿಯರ ಕಣ್ಣೆಲ್ಲ ಕೆಂಡ. "ನೀ ಮಲಕ್ಕೊಂಡಿ, ಹುಲಿನೂ ಮಲಕ್ಕೊಂತು," ಎಂದು ಅಜ್ಜಿ ಮಜ್ಜಿಗೆ ಕಡೆಯುತ್ತ ನಗುತ್ತಿದ್ದಳು. ಮಲಗಿದ ಕಥೆಯನ್ನು ಎಬ್ಬಿಸುವ ಪದ್ಧತಿ ಆ ಮನೆಯಲ್ಲಿರಲಿಲ್ಲ; ಸಂಜೆಗೆ ಬೇರೆ ಕಥೆ, ಮತ್ತೆ ಅದೇ ನಡುನೀರು. ಹೀಗಾಗಿ ಅವನ ಹೊಟ್ಟೆಯಲ್ಲಿ ಸಂಸಾರದ ಕಥೆಗಳೆಲ್ಲ ಇದ್ದವು, ಎಲ್ಲವೂ ಅರ್ಧರ್ಧ. ಒಬ್ಬ ರಾಜಕುಮಾರ ಕುದುರೆಯ ಮೇಲೆ ಒಂದು ಕಾಲು ಹಾಕಿ ಎಷ್ಟೋ ವರ್ಷಗಳಿಂದ ಹಾಗೇ ನಿಂತಿದ್ದ. ಒಂದು ಮೊಸಳೆ ಬಾಯಿ ತೆರೆದಿತ್ತು, ಮುಚ್ಚಿರಲಿಲ್ಲ. ಮತ್ತು ಹಜಾಮನ ಕತ್ತಿ ಹುಲಿಯ ಗಂಟಲ ಮೇಲೆ, ಹುಲಿಗೆ ಸೀನು. ಆದರೆ ಮದುವೆಯಾಗಿ ಪುಣೆಗೆ ಬಂದ ಮೇಲೆ ಒಂದು ಸೋಜಿಗ ನಡೆಯಿತು. ಅಂಬಾ ಒಲೆಯ ಮುಂದೆ ಕೂತಿರುವಾಗ ಹೊಸ್ತಿಲಿಗೆ ಒರಗಿ ಅದೇ ಕಥೆಗಳನ್ನು ಹೇಳತೊಡಗಿದರೆ ಅವು ತಾವಾಗಿ ಮುಂದೆ ಹೋಗುತ್ತಿದ್ದವು. ರಾಜಕುಮಾರ ಕುದುರೆಯೇರಿದ. ಮೊಸಳೆಯ ಬಾಯಿ ಕೆಲವು ದಿನ ಮುಚ್ಚುತ್ತಿತ್ತು, ಕೆಲವು ದಿನ ಮುಚ್ಚುತ್ತಿರಲಿಲ್ಲ. ದಿನಕ್ಕೊಂದು ಕೊನೆ, ಒಂದಕ್ಕಿಂತ ಒಂದು ಸೊಗಸು. ಮರುದಿನಕ್ಕೆ ಒಂದೂ ನೆನಪಿರುತ್ತಿರಲಿಲ್ಲ, ಆದರೂ ಇದೆಲ್ಲ ತನ್ನ ಪ್ರತಿಭೆ ಎಂದು ಅವನು ತಿಳಿದ. ಪ್ರತಿಭೆ ಅಲ್ಲದಿದ್ದರೆ ಮತ್ತೇನು? ಅಲ್ಲಿ ತಾನು, ಕಥೆ ಮತ್ತು ರೊಟ್ಟಿ ಬಿಟ್ಟರೆ ಬೇರೆ ಯಾರೂ ಇರಲಿಲ್ಲವಲ್ಲ.

ಬಲಗೆನ್ನೆಯನ್ನೂ ಮುಗಿಸಿ, ಗದ್ದಕ್ಕೆ ಹತ್ತಿಯ ಎಳೆ ಅಂಟಿಸಿಕೊಂಡು, ರುಮಾಲು ಸುತ್ತಿ ಹೊರಬಿದ್ದ. ಹತ್ತಾರು ಬಿಡಾರಗಳ ಆ ವಾಡೆಯ ನಳದ ಹತ್ತಿರ ಕೊಡ ಹಿಡಿದು ನಿಂತ ಹೆಂಗಸರು ದಾರಿ ಬಿಟ್ಟರು. ಪೇಠೆಯ ಓಣಿಯಲ್ಲಿ ಟಾಂಗಾದ ಕುದುರೆಯೊಂದು ಸೀನಿತು. ಬಿಂದುಮಾಧವ ಗಕ್ಕನೆ ನಿಂತು, ಸೀನಿನ ಮೊದಲು ಕುದುರೆಯ ಮೂಗಿನ ಹೊಳ್ಳೆ ಹೇಗಿತ್ತು ಎಂದು ನೆನಪಿಸಿಕೊಳ್ಳಲು ನೋಡಿದ, ಟಾಂಗಾದವನು ಬೈದ. ಹೋದ ಶನಿವಾರವೂ ಇದೇ ಓಣಿಯಲ್ಲಿ ತಲೆ ಎತ್ತಿ ಹೋಗಿದ್ದ, ತಲೆ ತಗ್ಗಿಸಿ ಬಂದಿದ್ದ. ಆಗ ಹಾಳೆಯಲ್ಲಿ ಇನ್ನೊಂದು ಅಂಕಣವಿತ್ತು: ಪ್ರತಿ ವಾಕ್ಯಕ್ಕೆ ಒಂದು ಹೂಂ, ಸಾಮೂಹಿಕ. ಅಜ್ಜಿಯ ಪದ್ಧತಿ, ಆದರೆ ಶಿಸ್ತುಬದ್ಧ. ಕಡ್ಡಿ ಎತ್ತಿದರೆ ಹೂಂ, ಇಳಿಸಿದರೆ ನಿಶ್ಶಬ್ದ ಎಂದು ಹುಡುಗರಿಗೆ ಪಾಠ ಮಾಡಿದ್ದ. "ಒಂದು ಊರಿನಲ್ಲಿ ಒಬ್ಬ ಕ್ಷೌರಿಕನಿದ್ದ." "ಹೂಂ!" ಎಂದಿತು ತರಗತಿ, ಎರಡೊಂದ್ಲೆ ಎರಡು ಎನ್ನುವ ದನಿಯಲ್ಲಿ. "ಅವನು ಕಾಡಿನ ದಾರಿ ಹಿಡಿದ." "ಹೂಂ!" ಅಟ್ಟದ ಮಣ್ಣು ಉದುರಿತು. ಗುಬ್ಬಚ್ಚಿಗಳು ಗೂಡು ಬಿಟ್ಟವು. ಹುಲಿ ಬರುವುದರೊಳಗೆ ಪಕ್ಕದ ತರಗತಿಯೂ ಗೋಡೆಯಾಚೆಯಿಂದ ಹೂಂ ಎನ್ನತೊಡಗಿತ್ತು. ಇದು ತನ್ನ ಖಾತೆಗೆ ಸೇರಿದ್ದೆಂದು ಭಾವಿಸಿ ಡ್ರಿಲ್ ಮಾಸ್ತರ್ ದಿಗಂಬರ ಸೀಟಿ ಊದುತ್ತ ಓಡಿಬಂದಿದ್ದ. ಹೆಸರು ದಿಗಂಬರವಾದರೂ ಮೈತುಂಬ ಇಸ್ತ್ರಿ ಮಾಡಿದ ಖಾಕಿ. ಅವನ ಹಿಂದೆ ಮಧುಕರರಾವ್. "ಇದು ಶಾಲೆಯೋ, ದನದ ಕೊಟ್ಟಿಗೆಯೋ? ಇನ್ನು ಹೂಂ ಇಲ್ಲ, ಹಾಂ ಇಲ್ಲ. ತುಟಿಯ ಮೇಲೆ ಬೆರಳು!" ಸಾಲು ಸಾಲು ಬೆರಳುಗಳು ತುಟಿಯ ಮೇಲೆ ಏರಿದವು. ಹುಡುಗರಿಗಿಂತ ಮೊದಲು ತನ್ನ ಬೆರಳೇ ತನ್ನ ತುಟಿಗೆ ಹೋದದ್ದನ್ನು ಬಿಂದುಮಾಧವ ಯಾರಿಗೂ ಹೇಳಿರಲಿಲ್ಲ. ಅಂಬಾಳಿಗೂ.

ಶಾಲೆಯ ಬಾಗಿಲಲ್ಲೇ ದಿಗಂಬರ ಸಿಕ್ಕ. ಅವನ ಹಿಂದೆ ಕಟ್ಟೆಯ ಮೇಲೆ ಕವಾಯತಿನ ಗೆಜ್ಜೆಕೋಲುಗಳು, ಲೇಝೀಮುಗಳು, ರಾಶಿಬಿದ್ದು ಝಲ್ಲೆನ್ನಲು ಹೊಂಚುಹಾಕುತ್ತಿದ್ದವು. ಕಮಿಟಿಗೆ ಕಥೆ ಹಿಡಿಸದಿದ್ದರೆ ಶನಿವಾರದ ಕೊನೆಯ ತಾಸು ಲೇಝೀಮಿಗೆ ಎಂಬುದು ನಿಶ್ಚಯವಾಗಿತ್ತು.

"ಏನು ಕಾನಡೀ ಮಾಸ್ತರ್, ಗದ್ದದ ಮೇಲೆ ಹತ್ತಿ ಬೆಳೆದಿದ್ದೀರಲ್ಲ! ನಿಮ್ಮ ಧಾರವಾಡದ ಕಪ್ಪು ಭೂಮಿ ಮುಖಕ್ಕೂ ಬಂತೋ?" ಎಂದು ಮರಾಠಿಯಲ್ಲಿ ಕೂಗಿದ.

"ಹೌದು. ಹುಬ್ಬಳ್ಳಿಯ ಗಿರಣಿಗೆ ಹಾಕುವವನಿದ್ದೇನೆ. ನಿಮಗೆ ಇನ್ನೊಂದು ಖಾಕಿ ಚಡ್ಡಿಗಾದೀತು," ಎಂದು ಬಿಂದುಮಾಧವ ಅದಕ್ಕಿಂತ ಚೊಕ್ಕ ಮರಾಠಿಯಲ್ಲಿ ಹೇಳಿದ. ಸುತ್ತಲಿನವರು ನಕ್ಕದ್ದು ಯಾರಿಗೆ ಎಂದು ಲೆಕ್ಕ ಹಾಕುತ್ತಲೇ ಮಧ್ಯಾಹ್ನ ಕಳೆದ.

ಕೊನೆಯ ತಾಸಿಗೆ ಕಮಿಟಿ ಬಂತು. ಕಮಿಟಿಯೆಂದರೆ ಹೆಸರಿಗೆ ನಾಲ್ಕಾರು ಪಗಡಿ, ನಿಜಕ್ಕೆ ರಂಗೂಬಾಯಿ. ಗಂಡನ ಹೆಸರಿನಲ್ಲಿ ಈ ಕಟ್ಟಡ ಕಟ್ಟಿಸಿಕೊಟ್ಟ ಮುದುಕಿ. ವಿಧವೆಯ ಬೋಳು ತಲೆಯ ಮೇಲೆ ಕೆಂಪು ಸೀರೆಯ ಸೆರಗನ್ನು ಹಣೆಯವರೆಗೆ ಎಳೆದು, ಶಾಲೆಯ ಸಮಾರಂಭಗಳಿಗೆಲ್ಲ ತಪ್ಪದೆ ಬಂದು, ತಪ್ಪದೆ ನಿದ್ದೆ ಮಾಡುವವಳು. ನಿದ್ದೆಯೇನೂ ತೊಂದರೆಯಲ್ಲ. ಎಚ್ಚರವಾದಾಗ ಎದುರಿಗೆ ಏನು ನಡೆಯುತ್ತಿರುತ್ತದೋ ಅದನ್ನು "ಸಾಕು" ಎಂದು ನಿಲ್ಲಿಸಿಬಿಡುತ್ತಿದ್ದಳು. ಹೋದ ವರ್ಷ ಒಂದು ನಾಟಕ ಹಾಗೆ ಹೋಯಿತು, ಅದರ ಹಿಂದಿನ ವರ್ಷ ಒಬ್ಬ ಸಂಸ್ಕೃತದ ಮಾಸ್ತರ ಹೋದ. ಈಗ ಮಧುಕರರಾವ್ ಹಾಕಿಸಿದ ಕುರ್ಚಿಯಲ್ಲಿ ಕೂತಳು, ಕಣ್ಣು ಮುಚ್ಚಿದಳು. ಹುಡುಗರು ತುಟಿಗೆ ಬೆರಳು ಹಚ್ಚಿದರು. ಬಿಂದುಮಾಧವ ಮೊದಲನೆಯ ವಾಕ್ಯ ಹೇಳಿದ. ಅದು ಹೋಗಿ ಎದುರಿನ ಗೋಡೆಗೆ ತಾಗಿ ಬಿತ್ತು. ಎರಡನೆಯದನ್ನು ಎಸೆದ, ಅದೂ ಬಿತ್ತು. ಹಜಾಮ ಕಾಡಿಗೆ ಹೋದ, ಹುಲಿ ಅಡ್ಡಬಂತು. 'ಮಹಾರಾಜನ ಹಾಗೆ ನನಗೂ ಮುಖಕ್ಷೌರ ಮಾಡಿಕೊಡು, ಒಂದು ಹನಿ ರಕ್ತ ಬಂದರೆ ನಿನ್ನನ್ನು ತಿನ್ನುತ್ತೇನೆ' ಎಂದಿತು. ಹುಡುಗರ ಕಣ್ಣು ಹಿಗ್ಗಿದವು, ಆದರೆ ಕಣ್ಣಿಗೆ ಸದ್ದಿಲ್ಲವಲ್ಲ. ತನ್ನ ದನಿ ತನಗೇ ಯಾರೋ ಪಕ್ಕದ ಮನೆಯವನು ಕೆಮ್ಮಿದಂತೆ ಕೇಳತೊಡಗಿತು. ಗದ್ದದ ಗಾಯ ಮಿಡಿಯಿತು. ಹತ್ತಿ ಕೆಂಪಾಗಿರಬೇಕು, ಮೊದಲ ಸಾಲಿನವರೆಲ್ಲ ಅಲ್ಲೇ ನೋಡುತ್ತಿದ್ದಾರೆ. ಒಂದು ಹನಿ ರಕ್ತ, ತಿಂದುಬಿಡುತ್ತೇನೆ. ಯಾರು ಯಾರನ್ನು? ಬಾಗಿಲಲ್ಲಿ ದಿಗಂಬರ ಸೀಟಿಯ ದಾರವನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ನಿಂತಿದ್ದ.

"ಕತ್ತಿ ಹುಲಿಯ ಗಂಟಲ ಮೇಲಿತ್ತು," ಎಂದ. "ಆಗ ಹುಲಿಗೆ ಸೀನು ಬಂತು."

ಮತ್ತು ನಿಂತ. ನಿಲ್ಲಬೇಕೆಂದಿರಲಿಲ್ಲ. ಅಜ್ಜಿಯ ಕೌದಿಯಲ್ಲಿ ಅವನ ನಿದ್ದೆ ಶುರುವಾಗುತ್ತಿದ್ದ ಜಾಗ ಅದೇ, ಕಾಲುದಾರಿ ಅಲ್ಲಿಗೇ ಮುಗಿಯುತ್ತಿತ್ತು. ಮಧುಕರರಾವ್ ಕೈಯಲ್ಲಿದ್ದ ಯೋಜನೆಯ ಹಾಳೆಯ ಮೇಲೆ ಬೆರಳಿಟ್ಟು, ಕೊನೆ ಇಲ್ಲಿದೆ ಎಂದು ಕಣ್ಣಿನಲ್ಲೇ ತೋರಿಸಿದರು. ಕ್ಷೌರಿಕ ವಿನಯದಿಂದ ಕ್ಷಮೆ ಕೇಳಿದ. ಅಷ್ಟು ಹೇಳಿದರೆ ಮುಗಿಯಿತು, ಪಗಡಿಗಳು ತಲೆದೂಗುತ್ತವೆ, ತಾಸು ಉಳಿಯುತ್ತದೆ, ಬರುವ ಶನಿವಾರದಿಂದ ಹಾಳೆಯ ನಲವತ್ತು ಕಥೆಗಳ ಪ್ರಾಣಿಗಳೂ ಹೀಗೇ ಕ್ಷಮಿಸುತ್ತ ಹೋಗುತ್ತವೆ. ನಾಲಿಗೆಯ ತುದಿಗೆ ಆ ಮಾತು ಬಂತು. ಆದರೆ ಒಳಗಿನಿಂದ ಒಂದು ಹಟ, ಹಳೆಯ ಮೊಮ್ಮಗನ ಹಟ, ಕೌದಿಯ ನಡುವೆ ಪಟ್ಟಾಭಿಷಿಕ್ತನಾಗಿದ್ದವನ ಹಟ, ಎದೆ ಸೆಟೆಸಿ ಎದ್ದಿತು. ಭೀಮವ್ವನ ಹುಲಿ ಯಾರಿಗೂ ಕ್ಷಮೆ ಕೊಡುವ ಹುಲಿ ಅಲ್ಲ. ಕೊನೆ ಗೊತ್ತಿಲ್ಲದಿರಬಹುದು, ಇದು ಕೊನೆಯಲ್ಲ ಎಂಬುದು ಗೊತ್ತು. ಹೇಳುವುದಿಲ್ಲ. ಹೂಂ ಇಲ್ಲದೆ ಒಂದು ಹೆಜ್ಜೆಯೂ ಮುಂದಿಡುವುದಿಲ್ಲ. ಲೇಝೀಮು ಬೇಕಾದರೆ ಝಲ್ಲೆನ್ನಲಿ. ಅವನು ಕೈ ಕಟ್ಟಿಕೊಂಡು ನಿಂತ. ಒಂದು ಪಗಡಿ ಇನ್ನೊಂದು ಪಗಡಿಯತ್ತ ವಾಲಿತು. ತಾನು ಮೂರ್ಖನಂತೆ ಕಾಣುತ್ತಿದ್ದೇನೆ ಎಂದು ಅವನಿಗೆ ಸ್ಪಷ್ಟವಾಗಿ ಗೊತ್ತಾಯಿತು. ಇಷ್ಟು ಎತ್ತರವಾಗಿ ತಾನು ಹಿಂದೆಂದೂ ನಿಂತಿರಲಿಲ್ಲ ಎಂಬುದೂ.

ಆ ನಿಶ್ಶಬ್ದಕ್ಕೆ ರಂಗೂಬಾಯಿಗೆ ಎಚ್ಚರವಾಯಿತು. ಸೆರಗು ಹಿಂದೆ ಸರಿಸಿ ನೋಡಿದಳು. ಮಧುಕರರಾವ್ ಕಣ್ಣು ಮುಚ್ಚಿದರು. ದಿಗಂಬರ ಸೀಟಿಯನ್ನು ಬಾಯಿಗಿಟ್ಟ.

"ಮಗ?" ಎಂದಳು ರಂಗೂಬಾಯಿ. ಮರಾಠಿಯ 'ಮಗ', ಮುಂದೇನಾಯ್ತು ಎಂಬ ಪ್ರಶ್ನೆ. ಆದರೂ ಕನ್ನಡದ ಮಗನಿಗೆ ಯಾರೋ ಬೆನ್ನು ಸವರಿದಂತಾಯಿತು. "ಏನು ಮಾಸ್ತರ್, ಹುಲಿಯನ್ನು ಮೂಗು ತೆರೆದು ನಿಲ್ಲಿಸಿಬಿಟ್ಟಿರಲ್ಲ! ಸೀನಿತೋ ಇಲ್ಲವೋ?"

"ನೀವು ಮಲಗಿದ್ದಿರಿ ಎಂದು..."

"ಕಣ್ಣು ಮುಚ್ಚಿದ್ದೆ. ಕಥೆಯನ್ನು ಕಣ್ಣಿನಿಂದ ಕೇಳುತ್ತಾರೆಯೇ? ಮುಂದೆ ಹೇಳಿ."

ಮೊದಲ ಸಾಲಿನಲ್ಲಿ ಒಂದು ಬೆರಳು ತುಟಿಯಿಂದ ಜಾರಿತು. ಆಮೇಲೆ ಒಂದೊಂದೇ. "ಹೂಂ?" ಎಂದ ಒಬ್ಬ. "ಸೀನಿಬಿಡ್ತು ಗುರುಜೀ!" ಎಂದ ಇನ್ನೊಬ್ಬ. "ಇಲ್ಲ, ತಡೆಕೊಂಡಿತು!" ಕಡ್ಡಿ ಎತ್ತಿದ್ದಕ್ಕಲ್ಲ, ಸಾಮೂಹಿಕವಾಗಿ ಅಲ್ಲ, ಒಂದು ಗೊಗ್ಗರು ಹೂಂ, ಒಂದು ಅಂಜಿದ ಹೂಂ, ಒಂದು ನಂಬದ ಹೂಂ. ಅವುಗಳ ನಡುವೆ ಅವನಿಗೆ ರೊಟ್ಟಿಯ ಬಡಿತ ಕೇಳಿಸಿತು. ಮತ್ತು ಕೊನೆ ಬಂತು, ಬಾಗಿಲು ತಟ್ಟದೆ ಒಳಗೆ ಬರುವ ನೆಂಟನ ಹಾಗೆ.

"ಸೀನಲಿಲ್ಲ! ಯಾಕೆಂದರೆ ಹಜಾಮ ಗಬಕ್ಕನೆ ಹುಲಿಯ ಮೂಗು ಹಿಡಿದ. ಮೇಲ್ದುಟಿಯ ಮೇಲೆ ಕತ್ತಿ ಆಡಿಸುವಾಗ ಯಾವ ಮಹಾರಾಜನಾದರೂ ಹಜಾಮನ ಕೈಗೆ ಮೂಗು ಕೊಡಲೇಬೇಕಲ್ಲ? ಸೀನು ಒಳಗೇ ಸತ್ತಿತು. ಮೂಗು ಕೈಯಲ್ಲಿದ್ದಾಗ ಹಜಾಮನಿಗೆ ಹೊಳೆಯಿತು: ಅಯ್ಯೋ, ಇದರ ಮೂಗು ನನ್ನ ಕೈಯಲ್ಲಿದೆ, ನಾನೇಕೆ ಹೆದರಬೇಕು! ಸರ್ ಸರ್ ಎಂದು ಬಲಗಡೆಯ ಮೀಸೆ ತೆಗೆದ. ಎಡಗಡೆಯದನ್ನು ಹಾಗೇ ಬಿಟ್ಟ. ಕನ್ನಡಿ ಹಿಡಿದು, 'ಮಹಾರಾಜ, ಉಳಿದದ್ದು ಆಮೇಲೆ,' ಎಂದು ಹಡಪ ಕಟ್ಟಿಕೊಂಡು ನಡೆದ. ಹುಲಿ ಹೇಗೆ ತಿಂದೀತು? ಅವನನ್ನು ತಿಂದರೆ ಉಳಿದರ್ಧ ತೆಗೆಯುವವರು ಯಾರು? ಅರ್ಧ ಮೀಸೆ ಹೊತ್ತು ಹೊರಗೆ ಹೋದರೆ ನರಿ ನಗುವುದಿಲ್ಲವೇ? ಪಾಪ, ಗವಿಯ ಬಾಗಿಲಲ್ಲಿ ಕೂತು ದಾರಿ ಕಾಯತೊಡಗಿತು."

ತರಗತಿ ಬಿದ್ದು ಬಿದ್ದು ನಕ್ಕಿತು. ಪಗಡಿಗಳು ಅಲ್ಲಾಡಿದವು. ಮಧುಕರರಾವ್ ಅವರ ಎರಡು ಬೆರಳು ತಮ್ಮ ಮೀಸೆಯ ಎರಡೂ ತುದಿಗಳನ್ನು ಮುಟ್ಟಿ ನೋಡಿ, ಎರಡೂ ಇವೆ ಎಂದು ಖಾತ್ರಿ ಮಾಡಿಕೊಂಡವು. "ಆದರೆ... ನೀತಿ?" ಎಂದರು.

"ನೀತಿ ನಿಮ್ಮ ಹಾಳೆಯಲ್ಲೇ ಇರಲಿ ರಾವ್," ಎಂದಳು ರಂಗೂಬಾಯಿ. "ಉಳಿದರ್ಧ ಮೀಸೆಯ ಗತಿ ಏನು ಮಾಸ್ತರ್?"

"ಉಳಿದದ್ದು ಆಮೇಲೆ, ಬಾಯಿಸಾಹೇಬ. ಬರುವ ಶನಿವಾರ." ಇದು ತನ್ನ ಬಾಯಿಂದಲೇ ಬಂತೇ ಎಂದು ಅವನಿಗೇ ಬೆರಗು.

ಮುದುಕಿ ಸೆರಗಿನೊಳಗೆ ನಕ್ಕಳು. "ನೋಡಿದಿರಾ, ನಮ್ಮದೂ ಅರ್ಧ ಬೋಳಿಸಿ ಕಳಿಸುತ್ತಿದ್ದಾನೆ! ಬರುತ್ತೇನೆ. ಆ ಡ್ರಿಲ್‌ನವನಿಗೆ ಬೇರೆ ತಾಸು ಹುಡುಕಿ ಕೊಡಿ."

ಹೊರಗೆ ದಿಗಂಬರ ಲೇಝೀಮುಗಳನ್ನು ಚೀಲಕ್ಕೆ ತುಂಬುತ್ತಿದ್ದ. ಬಿಂದುಮಾಧವ ಏನಾದರೂ ಚುಚ್ಚಬೇಕೆಂದು ನಿಂತ. ಆದರೆ ದಿಗಂಬರನೇ ಮುಖ ಎತ್ತದೆ, "ಗವಿಯಿಂದ ಹೊರಗೆ ಬರುತ್ತದೇನು, ಹುಲಿ?" ಎಂದ. ಬಿಂದುಮಾಧವ ಬಗ್ಗಿ, ಕೆಳಗೆ ಬಿದ್ದಿದ್ದ ಒಂದು ಲೇಝೀಮನ್ನು ಎತ್ತಿ ಅವನ ಚೀಲಕ್ಕೆ ಹಾಕಿದ.

ಓಣಿಯುದ್ದಕ್ಕೂ ಅವನು ರುಮಾಲಿನ ಮೇಲೆ ಇನ್ನೊಂದು ರುಮಾಲು ಇದ್ದವನಂತೆ ನಡೆದ. ವಾಡೆಯ ಮೆಟ್ಟಿಲ ಮೇಲೆಯೇ ಶುರು ಮಾಡಿದ. ಅಂಬಾ ದೀಪಕ್ಕೆ ಎಣ್ಣೆ ಹಾಕುತ್ತಿದ್ದಳು.

"ಏನಾತ್ರಿ?"

"ಹೇಳ್ತೀನಿ ಕೇಳು. ನಾ ನಿಂತೆ."

"ಹೂಂ."

"ರಂಗೂಬಾಯಿ ಕಣ್ಣು ತೆಗದಳು."

"ಹೂಂ...?"

"ಎಲ್ಲಾರೂ ಜೀವಾ ಅಂಗೈಯಾಗ ಹಿಡಕೊಂಡು..."

"ಹ್ಞೂಂ," ಎಂದಳು, ಅಷ್ಟೇನೂ ಹಿಡಿದಿರಲಿಕ್ಕಿಲ್ಲ ಎಂಬಂತೆ. ಅವನು ತಕ್ಷಣ ಪಗಡಿಗಳನ್ನು ಕಡಿಮೆ ಮಾಡಿ, ದಿಗಂಬರನ ಸೀಟಿಯನ್ನು ಸ್ವಲ್ಪ ದೊಡ್ಡದು ಮಾಡಿದ. ಮಾಡಿದವನು ಥಟ್ಟನೆ ಬಾಯಿ ಮುಚ್ಚಿದ. ಈಗಷ್ಟೇ ಅವಳು ಬರೀ ಒಂದು ಹೂಂನಿಂದ ಅವನ ಮೂಗು ಹಿಡಿದು ಮುಖವನ್ನು ಇತ್ತ ತಿರುಗಿಸಿದ್ದಳು, ನೋವಾಗದ ಹಾಗೆ. ಇಷ್ಟು ವರ್ಷ ಕತ್ತಿ ತನ್ನ ಕೈಯಲ್ಲಿದೆ ಎಂದುಕೊಂಡಿದ್ದ. ದಿನಕ್ಕೊಂದು ಕೊನೆ, ಒಂದಕ್ಕಿಂತ ಒಂದು ಸೊಗಸು. ಅವನಿಗೆ ನಾಚಿಕೆಯಾಗಬೇಕಿತ್ತು. ಆದರೆ ಎದೆಯಲ್ಲಿ ಎದ್ದದ್ದು ಬೆಳಗಿನದಕ್ಕಿಂತ ದೊಡ್ಡ ಹೆಮ್ಮೆ. ಒಬ್ಬನೇ ಹೊರಲಾರದಷ್ಟು ದೊಡ್ಡದು, ಇಬ್ಬರಿಗೆ ಸಾಕಾಗುವಂಥದು.

"ಯಾಕ್ರೀ, ನಿಂತ್ರಿ? ನಾ ಹೂಂ ಅಂದೆನಲ್ಲ."

"ಅಂಬಾ, ನೀ ಒಂದ ಕಥಿ ಹೇಳು."

"ನಾನು? ನನಗೆಲ್ಲಿ ಕಥಿ ಬರತದ? ಯಾರು ಕೇಳ್ಯಾರ ನನ್ನ?"

"ನಾ ಕೇಳ್ತೀನಿ. ನಾ ಹೂಂ ಅಂತೀನಿ."

"ನೀವೋ! ಭೀಮವ್ವಜ್ಜಿ ಎಲ್ಲಾ ಹೇಳ್ಯಾರ ನನಗ, ನಿಮ್ಮ ಹೂಂನ ಸುದ್ದಿ," ಎಂದು ಸೆರಗು ಬಾಯಿಗಿಟ್ಟು ನಕ್ಕಳು. ಆದರೂ ಎಣ್ಣೆಯ ಕೈ ಒರೆಸಿಕೊಂಡಳು. ಗೋಡೆಯ ಮೇಲಿನ ಯೋಜನೆಯತ್ತ ಒಮ್ಮೆ ನೋಡಿದಳು. ಹೊಸ್ತಿಲ ಮೇಲೆ, ದಿನಾ ಅವನು ಒರಗುವ ಜಾಗದಲ್ಲಿ ಕೂತಳು. ಅವನು ಒಲೆಯ ಪಕ್ಕ ಅವಳ ಮಣೆಯ ಮೇಲೆ ಕೂತ. ಮಣೆ ಅವನಿಗೆ ತೀರ ಸಣ್ಣದಾಯಿತು, ಮೊಣಕಾಲು ಎದೆಗೆ ಬಂದವು. ಅಲ್ಲಿಂದ ಅವಳ ಮುಖ ಬೇರೆಯೇ ಆಗಿ ಕಾಣುತ್ತಿತ್ತು. ಅವಳು ಸೂರಿನತ್ತ ನೋಡುತ್ತ ಉಸಿರು ಎಳೆದುಕೊಂಡಳು. ತುಟಿ ಬಿಚ್ಚಿದಳು.

"ಹೂಂ," ಎಂದ ಬಿಂದುಮಾಧವ.

"ತಡೀರಿ," ಎಂದಳು ಅಂಬಾ. "ಇನ್ನೂ ಶುರುನ ಮಾಡಿಲ್ಲ."